ಬೈಯುವ ಸಾಹೇಬರು ಮತ್ತು ಮಾರ್ಚ್ ತಿಂಗಳ ಸಂಬಳ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೆಲವು ತಿಂಗಳಿಂದ ಪ್ರಕಟವಾಗುತ್ತಿರುವ ಧಾರಾವಾಹಿಯನ್ನು ನಾನು ಒಂದು ಕಂತೂ ಬಿಡದೆ ಓದುತ್ತಿದ್ದೇನೆಂದು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ಓದದೆಯೇ ತಕರಾರು ತೆಗೆಯುವವಳು ನಾನಲ್ಲ. ಕಥೆಯ ನಾಯಕ ದೊಡ್ಡ ಕಂಪನಿಯೊಂದರ ಒಡೆಯ, ನಾಯಕಿ ಅವನ ಆಪ್ತ ಸಹಾಯಕಿ. ಮೊದಲ ಕಂತಿನಿಂದಲೂ ಇಬ್ಬರದು ಹಾವು ಮುಂಗುಸಿಯ ಸಂಬಂಧ. ಅವನು ಅವಳು ತಂದ ಕಡತವನ್ನು ಎಲ್ಲರೆದುರು ಬಿಸಾಡುತ್ತಾನೆ, ಹತ್ತು ನಿಮಿಷ ತಡವಾದದ್ದಕ್ಕೆ ಬಾಗಿಲ ಹೊರಗೆ ನಿಲ್ಲಿಸುತ್ತಾನೆ, ಒಂಬತ್ತನೆಯ ಕಂತಿನಲ್ಲಿ ಅವಳ ಮಾರ್ಚ್ ತಿಂಗಳ ಸಂಬಳವನ್ನೇ ತಡೆಹಿಡಿಯುತ್ತಾನೆ. ಹದಿಮೂರನೆಯ ಕಂತಿನಲ್ಲಿ ಅವಳಿಗೆ ಜ್ವರ ಬರುತ್ತದೆ. ಅವನು ಹಣ್ಣಿನ ಬುಟ್ಟಿ ಹಿಡಿದು ಅವಳ ಮನೆ ಬಾಗಿಲಿಗೆ ಬರುತ್ತಾನೆ. ಅಷ್ಟು ದಿನ ಬೈದದ್ದೆಲ್ಲ ಹೇಳಲಾರದ ಪ್ರೀತಿಯೇ ಆಗಿತ್ತೆಂದು ನಾವು ತಿಳಿದುಕೊಳ್ಳಬೇಕಾಗುತ್ತದೆ.

ಈ ಕಥೆಯೊಂದೇ ಆಗಿದ್ದರೆ ನಾನು ಪತ್ರ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಟಿ.ವಿ.ಯಲ್ಲಿಯೂ, ಮೊಬೈಲಿನಲ್ಲಿ ದಿನಕ್ಕೊಂದು ಕಂತಿನಂತೆ ಬರುವ ಕಥೆಗಳಲ್ಲಿಯೂ ಇದೇ ಜೋಡಿ ಹೆಸರು ಬದಲಿಸಿಕೊಂಡು ತಿರುಗುತ್ತಿದೆ, ಮತ್ತು ಇಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಬಳಿ ಸಿಟಿ ಬಸ್ಸಿಗೆ ಕಾಯುವ ಹುಡುಗಿಯರು ಅದನ್ನೇ ಓದುತ್ತಿರುವುದನ್ನು ನಾನು ಕಂಡಿದ್ದೇನೆ. ಓದಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಹೋದ ತಿಂಗಳು ನನ್ನ ಅಕ್ಕನ ಮಗಳು, ಇದೇ ಊರಿನ ವಾಹನ ಮಾರಾಟ ಮಳಿಗೆಯೊಂದರಲ್ಲಿ ಕೆಲಸಕ್ಕಿರುವವಳು, ಮೇಲಧಿಕಾರಿಯಿಂದ ಬೈಸಿಕೊಂಡು ಅಳುತ್ತಾ ನಮ್ಮ ಮನೆಗೆ ಬಂದಳು. ಕಣ್ಣೀರು ಒರೆಸಿಕೊಂಡ ಮೇಲೆ ಅವಳಾಡಿದ ಮಾತು ನನ್ನ ನಿದ್ದೆ ಕೆಡಿಸಿತು: "ಚಿಗವ್ವಾ, ಅಂವಾ ನನಗಷ್ಟೇ ಹಿಂಗ ಬೈತಾನ. ಮನಸಿನ್ಯಾಗ ಏನರೆ ಇರ್ಬೇಕು." ಬೈಗುಳಕ್ಕೆ ಇಂಥ ಅರ್ಥ ಹಚ್ಚುವುದನ್ನು ಆ ಹುಡುಗಿ ಎಲ್ಲಿಂದ ಕಲಿತಳೆಂದು ನಾನು ಕೇಳಬೇಕಾಗಿರಲಿಲ್ಲ.

ಇದರ ಬಗ್ಗೆ ಮಾತನಾಡುವ ಅಧಿಕಾರ ನನಗೆಲ್ಲಿಂದ ಬಂತೆಂದರೆ, ನನ್ನ ಯಜಮಾನರು ಒಂದು ಕಾಲಕ್ಕೆ ನನ್ನ ಮ್ಯಾನೇಜರರಾಗಿದ್ದರು, ಮತ್ತು ಆ ಕಾಲದ ಬಹುಭಾಗ ನನಗೆ ಅವರ ಮುಖ ಕಂಡರೆ ಆಗುತ್ತಿರಲಿಲ್ಲ. ಹೀಗಾಗಿ ಆಫೀಸಿನ ಜಗಳ ಮದುವೆಯಲ್ಲಿ ಮುಗಿಯುವ ಕಥೆಯನ್ನೇ ಅಸಂಭವವೆನ್ನುವ ಸ್ಥಿತಿಯಲ್ಲಿ ನಾನಿಲ್ಲ. ಅದು ಆಗುತ್ತದೆ. ಹೇಗೆ ಆಗುತ್ತದೆಂಬುದನ್ನು ನಮ್ಮ ಕಥೆಗಾರರು ಬಿಟ್ಟು ಬರೆಯುತ್ತಿದ್ದಾರೆಂಬುದಷ್ಟೇ ನನ್ನ ತಕರಾರು.

1996ರ ಜೂನ್‌ನಲ್ಲಿ ಬಿ.ಕಾಂ. ಮುಗಿಸಿ ನಾನು ಒಂದು ದಾಲ್ ಮಿಲ್ಲಿನ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಊರಿಗೆ ಆಗಿನ್ನೂ ಗುಲಬರ್ಗಾ ಎಂದೇ ಹೆಸರು. ಸರ್ಕಾರಿ ಕಾಗದಗಳಲ್ಲಿ ಅದು ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ನನ್ನ ಸಂಬಳ 1,500 ರೂಪಾಯಿ. ಕಚೇರಿಯೆಂದರೆ ನಾಲ್ಕು ಮೇಜುಗಳ ಒಂದು ಕೋಣೆ: ಕೀರ್ದಿ, ಖತಾವಣಿ ನೋಡಿಕೊಳ್ಳುವ ಮುದುಕ ಮುನೀಮಜಿ, ನಾನು, ಒಬ್ಬ ಹುಡುಗ, ಮತ್ತು ನಮ್ಮೆಲ್ಲರ ಮೇಲೆ ಮ್ಯಾನೇಜರ್ ಸಾಹೇಬರು. ಸಾಹುಕಾರರು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರು. ಕೋಣೆಯ ಹೊರಗೆ ಫರಸಿ ಹಾಸಿದ ದೊಡ್ಡ ಅಂಗಳ. ಎಣ್ಣೆ ಸವರಿದ ತೊಗರಿಯನ್ನು ಬೇಳೆ ಒಡೆಯುವ ಮೊದಲು ಅಲ್ಲಿ ಬಿಸಿಲಿಗೆ ಒಣಹಾಕುತ್ತಿದ್ದರು. ಹಮಾಲರು, ಕಾಳು ಹಸನು ಮಾಡುವ ಹೆಣ್ಣುಮಕ್ಕಳು, ಲಾರಿಯವರು, ಎಲ್ಲರೂ ಓಡಾಡುವ ಜಾಗ ಅದು. ಕಥೆಗಳಲ್ಲಿ ಬರುವಂತೆ ನಾಯಕ ನಾಯಕಿ ಸಿಕ್ಕಿಹಾಕಿಕೊಳ್ಳಲು ಲಿಫ್ಟಾಗಲಿ, ಇದ್ದಕ್ಕಿದ್ದಂತೆ ಸುರಿಯುವ ಮಳೆಯಾಗಲಿ ನಮ್ಮಲ್ಲಿರಲಿಲ್ಲ. ನಮ್ಮ ಕಡೆಯ ಮಳೆಯ ವಿಷಯ ತಮಗೆ ಗೊತ್ತೇ ಇದೆ.

1998ರ ಜನವರಿ, ಹೊಸ ತೊಗರಿ ಗಂಜಿಗೆ, ಅಂದರೆ ಕಾಳುಕಡಿಯ ಮಾರುಕಟ್ಟೆಗೆ, ಬಂದು ಬೀಳುತ್ತಿದ್ದ ಹೊತ್ತು. ಅಡತ್ (ದಲಾಲಿ) ಅಂಗಡಿಯೊಂದರಿಂದ ಬಂದ ಪಟ್ಟಿಯಲ್ಲಿ 42 ಚೀಲವೆಂದಿತ್ತು, ಬಂದ ಮಾಲು ಬರೆದಿಡುವ ನಮ್ಮ ಆವಕದ ವಹಿಯಲ್ಲಿ 24 ಎಂದಿತ್ತು. ಹದಿನೆಂಟು ಚೀಲದ ವ್ಯತ್ಯಾಸ. ಸಾಹೇಬರು ವಹಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಅಂಗಳಕ್ಕೆ ಕರೆದರು. "ಲೆಕ್ಕ ಬರಲ್ದಿದ್ರ ಮನ್ಯಾಗ ಕೂತು ರೊಟ್ಟಿ ಬಡೀರಿ, ಇಲ್ಲಿಗ್ಯಾಕ ಬರ್ತೀರಿ?" ಎಂದರು. ಹಮಾಲರು ಚೀಲ ಹೊತ್ತವರು ಹಾಗೆಯೇ ನಿಂತರು, ಹೆಣ್ಣುಮಕ್ಕಳ ಕೈಯ ಮೊರಗಳು ನಿಂತವು. ಆ ಬೈಗುಳದ ಹಿಂದೆ ಪ್ರೀತಿಯಿತ್ತೇ ಎಂದು ಮೂವತ್ತು ವರ್ಷಕ್ಕೆ ಹತ್ತಿರವಾದ ಈ ಹೊತ್ತಿಗೆ ನಾನು ಅವರನ್ನು ಮತ್ತೆ ಕೇಳಿದೆ. "ಇಲ್ಲ. ಸಾಹುಕಾರರ ಅಂಜಿಕಿ ಇತ್ತು" ಎಂದರು. ಈ ಪ್ರಾಮಾಣಿಕತೆಗಾಗಿಯೇ ನಾನು ಅವರೊಂದಿಗೆ ಬಾಳುತ್ತಿದ್ದೇನೆ.

ಆ ಸಂಜೆಯೇ ತೂಕದ ಚೀಟಿ ಸಿಕ್ಕಿತು. ಅದನ್ನು ಬರೆದವರು ಸಾಹೇಬರೇ. ಅಂಕಿಗಳನ್ನು ತಿರುಗುಮುರುಗು ಮಾಡಿದ್ದು ಅವರದೇ ಅಕ್ಷರ. ನಾನು ಆ ಚೀಟಿಯನ್ನು ಅವರ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗಿಟ್ಟು ಮನೆಗೆ ಹೋದೆ. ಮರುದಿನ ಅವರು ಏನೂ ಹೇಳಲಿಲ್ಲ. ಎಂಟು ದಿನ ಏನೂ ಹೇಳಲಿಲ್ಲ. ನಾನು ರಾಜೀನಾಮೆಯ ಕಾಗದ ಬರೆದು ಚೀಲದಲ್ಲಿಟ್ಟುಕೊಂಡೇ ಆ ಎಂಟು ದಿನ ಹೋಗಿ ಬಂದೆ. ಕೊಡಲಿಲ್ಲ, ಏಕೆಂದರೆ ಮನೆಯಲ್ಲಿ ತಂದೆಯವರು ಹಾಸಿಗೆ ಹಿಡಿದಿದ್ದರು, ಔಷಧಿಯ ಖರ್ಚು ಆ 1,500 ರೂಪಾಯಿಯಲ್ಲಿಯೇ ನಡೆಯಬೇಕಾಗಿತ್ತು. ಕಥೆಗಳಲ್ಲಿ ಇಬ್ಬರ ನಡುವಿನ ವೈರ ಎನ್ನುತ್ತಾರಲ್ಲ, ಅದು ವೈರವೆಂದು ನನಗೆ ಅನ್ನಿಸುವುದಿಲ್ಲ. ವೈರಕ್ಕೆ ಇಬ್ಬರೂ ಸಮಬಲರಿರಬೇಕು. ಒಬ್ಬರ ಕೈಯಲ್ಲಿ ಹಾಜರಿ ಪುಸ್ತಕ, ರಜೆಯ ಸಹಿ, ಸಂಬಳದ ಚೀಟಿ ಇದ್ದು ಇನ್ನೊಬ್ಬರ ಕೈಯಲ್ಲಿ ಸಿಟ್ಟಷ್ಟೇ ಇದ್ದರೆ, ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಒಂಬತ್ತನೆಯ ದಿನ ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಸಾಹೇಬರು ಅದೇ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿದರು. "ಆ ದಿನ ತಪ್ಪು ನಂದಿತ್ತು. ಇವರ ಲೆಕ್ಕ ಸರಿ ಇತ್ತು. ಎಲ್ಲರ ಮುಂದ ಬೈದಿದ್ದೆ, ಅದಕ್ಕ ಎಲ್ಲರ ಮುಂದೇ ಹೇಳ್ಲತ್ತೀನಿ" ಎಂದರು. ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ. ಆ ಕ್ಷಣಕ್ಕೆ ನನಗೆ ಪ್ರೀತಿ ಹುಟ್ಟಿತೆಂದು ಬರೆದರೆ ನಿಮ್ಮ ಧಾರಾವಾಹಿಯ ಲೇಖಕರಿಗೆ ಸಂತೋಷವಾಗಬಹುದು, ಆದರೆ ನಿಜವಾಗಿ ಹುಟ್ಟಿದ್ದು ಹಸಿವು. ಎಂಟು ದಿನ ಡಬ್ಬಿಯಲ್ಲಿ ಹಾಗೆಯೇ ಮರಳಿ ಹೋಗುತ್ತಿದ್ದ ರೊಟ್ಟಿಯನ್ನು ಅಂದು ಮಧ್ಯಾಹ್ನ ಶೇಂಗಾ ಹಿಂಡಿ ಹಚ್ಚಿಕೊಂಡು ಪೂರಾ ತಿಂದೆ, ಹಸನು ಮಾಡುವ ಹೆಣ್ಣುಮಕ್ಕಳ ಬುತ್ತಿಯಿಂದ ಪುಂಡಿ ಪಲ್ಯವನ್ನೂ ಕೇಳಿ ಹಾಕಿಸಿಕೊಂಡೆ.

ಈಗಿನ ಕಥೆಗಳನ್ನು ಈ ಒಂದು ಅಳತೆಗೋಲು ಹಿಡಿದು ನೋಡಿರಿ. ಅವುಗಳಲ್ಲಿ ಅವಮಾನ ಯಾವಾಗಲೂ ನಾಲ್ಕು ಜನರೆದುರು ನಡೆಯುತ್ತದೆ, ಪಶ್ಚಾತ್ತಾಪ ಯಾವಾಗಲೂ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಹಣ್ಣಿನ ಬುಟ್ಟಿ ಹಿಡಿದು ಬಂದ ನಾಯಕ ಅವಳ ಹಣೆ ಮುಟ್ಟಿ ನೋಡುತ್ತಾನೆಯೇ ಹೊರತು, ಕಡತ ಬಿಸಾಡಿದ ಆ ಸಭೆಯನ್ನು ಮತ್ತೆ ಕರೆದು ತಪ್ಪು ತನ್ನದೆಂದು ಹೇಳುವುದಿಲ್ಲ. ಆಫೀಸಿನವರ ದೃಷ್ಟಿಯಲ್ಲಿ ಅವಳು ಲೆಕ್ಕ ಬಾರದವಳಾಗಿಯೇ ಉಳಿಯುತ್ತಾಳೆ, ಅವನ ದೃಷ್ಟಿಯಲ್ಲಿ ಮಾತ್ರ ಚೆಲುವೆಯಾಗುತ್ತಾಳೆ.

ಮುಂದಿನ ಒಂದು ವರ್ಷ ನಮ್ಮ ಜಗಳ ನಿಲ್ಲಲಿಲ್ಲ, ಆದರೆ ಅದರ ಜಾತಿ ಬದಲಾಯಿತು. ನಾನು ಸಹಿಯಿಲ್ಲದ ವೋಚರಿಗೆ ಅವರಿಗೇ ಮುಂಗಡ ಕೊಡಲು ನಿರಾಕರಿಸಿದೆ. ಸಂಜೆ ಆರರ ಮೇಲೆ ಹೆಣ್ಣುಮಕ್ಕಳು ಕಚೇರಿಯಲ್ಲಿರಬಾರದೆಂದು ಅವರು ನಿಯಮ ಮಾಡಿದಾಗ, ನನ್ನ ಹೆಚ್ಚುವರಿ ಕೆಲಸದ ಹಣ ಹೋಗುತ್ತದೆ, ನನ್ನನ್ನು ಕೇಳದೆ ನನ್ನ ಒಳ್ಳೆಯದನ್ನು ನೀವು ಗೊತ್ತು ಮಾಡಬೇಡಿರಿ ಎಂದೆ. ಅವರು ಯೋಚಿಸಿ, ನಿಯಮ ಹಿಂದೆಗೆದು, ತಡವಾದ ದಿನ ಬಸ್ಸಿನವರೆಗೆ ಮುನೀಮಜಿ ಜೊತೆಗಿರುವಂತೆ ಏರ್ಪಾಡು ಮಾಡಿದರು. "ಈ ಪಟ್ಟಿ ಇವತ್ತೇ ಆಗ್ಬೇಕು" ಎನ್ನುತ್ತಿದ್ದವರು "ಈ ಪಟ್ಟಿ ಇವತ್ತು ಆಗ್ತದೇನ್ರಿ?" ಎನ್ನತೊಡಗಿದರು. ಬರೀ ಕ್ರಿಯಾಪದ ಬದಲಾಗಿದ್ದಕ್ಕೆ ಹೆಂಗಸೊಬ್ಬಳ ಮನಸ್ಸು ಬದಲಾಗುತ್ತದೆಯೇ ಎಂದು ಯಾರಾದರೂ ನಕ್ಕರೆ, ಅಂಥವರು ಕೈಕೆಳಗೆ ಕೆಲಸ ಮಾಡಿದವರಲ್ಲವೆಂದು ನಾನು ತಿಳಿಯುತ್ತೇನೆ.

ನನಗೆ ಅವರ ಮೇಲೆ ಮನಸ್ಸಾಗಿದೆಯೆಂದು ಗೊತ್ತಾದ ದಿನದಿಂದ ನನ್ನ ಕೆಲಸ ಕಷ್ಟವಾಯಿತು ಎಂಬುದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು, ಏಕೆಂದರೆ ಇದನ್ನು ಯಾವ ಧಾರಾವಾಹಿಯೂ ಬರೆದದ್ದನ್ನು ನಾನು ಕಂಡಿಲ್ಲ. 1999ರ ಏಪ್ರಿಲ್‌ನಲ್ಲಿ ನನ್ನ ಸಂಬಳ 200 ರೂಪಾಯಿ ಏರಿತು. ಮೂರು ವರ್ಷದ ದುಡಿಮೆಗೆ ಸಿಕ್ಕ ಏರಿಕೆ ಅದು, ನ್ಯಾಯವಾದದ್ದು. ಆದರೆ ಅದಕ್ಕೆ ಶಿಫಾರಸು ಮಾಡಿದ ಸಹಿ ಅವರದು. ಹುಡುಗ ಮುಸಿಮುಸಿ ನಕ್ಕ. ನನಗೇ ಒಳಗೊಳಗೆ ಅನುಮಾನ: ಇದು ನನ್ನ ಲೆಕ್ಕಕ್ಕೆ ಬಂದದ್ದೋ, ನನ್ನ ಮುಖಕ್ಕೆ ಬಂದದ್ದೋ? ಒಮ್ಮೆ ನಾಲ್ಕು ದಿನದ ರಜೆ ಕೇಳಿದಾಗ ಅವರು ತಲೆಯೆತ್ತದೆ ಸಹಿ ಹಾಕಿದರು. ಬೇರೆಯವರಿಗಾದರೆ ಎರಡು ಪ್ರಶ್ನೆ ಕೇಳುತ್ತಿದ್ದರೆಂಬುದು ನನಗೆ ತಿಳಿದಿತ್ತು. ಕೃಪೆಯೂ ಬೈಗುಳದ ಹಾಗೆಯೇ ಮೇಲಿನಿಂದಲೇ ಬೀಳುತ್ತದೆ.

ಅದೇ ಜೂನ್‌ನಲ್ಲಿ ಅವರು ಕೆಲಸ ಬಿಟ್ಟರು. ಯಾದಗಿರಿಯ ಕಡೆ ಇನ್ನೊಂದು ಮಿಲ್ಲಿಗೆ ಸೇರಿದರು. ಯಾದಗಿರಿ ಆಗ ನಮ್ಮ ಜಿಲ್ಲೆಯ ತಾಲ್ಲೂಕೇ ಆಗಿದ್ದರೂ ವಾಡಿಯ ಮೇಲೆ ಹಾಯ್ದು ರೈಲಿನಲ್ಲಿ ಹೋಗಬೇಕಾದ ದೂರ. ಏಕೆ ಬಿಟ್ಟರೆಂದು ನಮಗೆ ಯಾರಿಗೂ ಹೇಳಲಿಲ್ಲ. ಎರಡು ತಿಂಗಳ ಮೇಲೆ, ಆಗಸ್ಟ್‌ನಲ್ಲಿ, ನನ್ನ ಮನೆಗೆ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ಬಂತು. ಅದರಲ್ಲಿ ಐದಾರು ಸಾಲು. ಮದುವೆಯ ವಿಷಯ ಕೇಳುವುದಿತ್ತು, ನಿಮ್ಮ ಹಾಜರಿಗೆ ಸಹಿ ಹಾಕುವವನಾಗಿ ಕೇಳುವುದು ಸರಿಯಲ್ಲವೆನ್ನಿಸಿತು, ಈಗ ನನಗೂ ನಿಮ್ಮ ನೌಕರಿಗೂ ಸಂಬಂಧವಿಲ್ಲ, ಬೇಡವೆನ್ನಿಸಿದರೆ ಉತ್ತರ ಬರೆಯುವ ಕಾರಣವೂ ಇಲ್ಲ, ಹರಿದು ಒಗೆಯಿರಿ ಎಂದಿತ್ತು.

ನಾನು ಉತ್ತರ ಬರೆದೆ. ಬೇಡವೆಂದು ಬರೆದೆ. ತಂದೆಯವರ ಕಾಯಿಲೆ, ಜಾತಿ ಬೇರೆ, ತಂಗಿಯ ಮದುವೆ ಇನ್ನೂ ಆಗಬೇಕು, ಕಾರಣಗಳೇನು ಕಡಿಮೆಯಿರಲಿಲ್ಲ. ಆ ಪತ್ರವನ್ನು ಅಂಚೆಗೆ ಹಾಕಿದ ಮರುದಿನ ನಾನು ಎಂದಿನಂತೆ ಕೆಲಸಕ್ಕೆ ಹೋದೆ. ಹೊಸ ಮ್ಯಾನೇಜರ್ ಎಂದಿನಂತೆ ಹಾಜರಿ ಹಾಕಿದರು. ತಿಂಗಳ ಕೊನೆಗೆ ಸಂಬಳ ಬಂತು, ದೀಪಾವಳಿಗೆ ಬೋನಸ್ ಬಂತು. ನನ್ನ ಬೇಡ ಎಂಬ ಮಾತಿಗೆ ನನ್ನ ಜೀವನದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಸಂಪಾದಕರೇ, ಆ ಎಂಟು ತಿಂಗಳಲ್ಲಿ ನಾನು ಆ ಮನುಷ್ಯನನ್ನು ನಿಜವಾಗಿ ನೋಡಿದ್ದು, ಎದುರಿಗೆ ಇಲ್ಲದಾಗ. ಮರುವರ್ಷದ ಏಪ್ರಿಲ್‌ನಲ್ಲಿ ನಾನೇ ಇನ್‌ಲ್ಯಾಂಡ್ ಪತ್ರ ಕೊಂಡು ತಂದೆ.

ಅವರು ಅಂದು ಆ ಕುರ್ಚಿಯಲ್ಲಿಯೇ ಕುಳಿತು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೆ ಇಂದಿಗೂ ಗೊತ್ತಿಲ್ಲ. ಒಪ್ಪಿದ್ದರೂ ಅದು ಒಪ್ಪಿಗೆಯೋ, ತಂದೆಯವರ ಔಷಧಿಯ ಚಿಂತೆಯೋ ಎಂಬುದನ್ನು ನಾನೇ ಬಿಡಿಸಿ ಹೇಳಲಾರದವಳಾಗಿರುತ್ತಿದ್ದೆ. (ಈ ಪತ್ರದ ಕರಡನ್ನು ಓದಿದ ಯಜಮಾನರು, ಯಾದಗಿರಿಗೆ ಹೋಗಿದ್ದರಿಂದ ತಮ್ಮ ಸಂಬಳ ತಿಂಗಳಿಗೆ 500 ರೂಪಾಯಿ ಕಡಿಮೆಯಾಯಿತೆಂಬುದನ್ನೂ ಬರೆಯಬೇಕೆಂದು ಹಟ ಹಿಡಿದಿದ್ದಾರೆ. ಬರೆದಿದ್ದೇನೆ.)

ಮದುವೆ 2001ರಲ್ಲಿ, 1954ರ ವಿಶೇಷ ವಿವಾಹ ಕಾಯ್ದೆಯಂತೆ ನೋಂದಣಿಯಾಯಿತು. ಮೂವತ್ತು ದಿನ ನಮ್ಮಿಬ್ಬರ ಹೆಸರು ಕಚೇರಿಯ ಫಲಕದ ಮೇಲೆ ತೂಗಿದ್ದನ್ನು ಗಂಜಿನ ಯಾರೋ ಓದಿ ಮನೆಯವರೆಗೆ ಸುದ್ದಿ ಮುಟ್ಟಿಸಿದರು. ಆ ರಂಪವನ್ನು ಇಲ್ಲಿ ಬಿಡುತ್ತೇನೆ. ಬೇಕಾದ ಮೂವರು ಸಾಕ್ಷಿಗಳಲ್ಲಿ ಒಬ್ಬರು ಮುನೀಮಜಿ. ಮದುವೆಯ ನಂತರವೂ ನಾನು ಅದೇ ಮಿಲ್ಲಿನಲ್ಲಿ ಲೆಕ್ಕ ಬರೆದೆ. ಕಥೆಗಳ ಸಹಾಯಕಿಯರು ಕೊನೆಯ ಕಂತಿನಲ್ಲಿ ಒಡೆಯನ ಹೆಂಡತಿಯಾದ ಕೂಡಲೇ ಅವರ ಮೇಜು ಯಾರ ಪಾಲಾಗುತ್ತದೆಂದು ನನಗೆ ಬಹಳ ದಿನದ ಕುತೂಹಲ.

ಇನ್ನು ಕಾನೂನಿನ ಮಾತು. ನಮ್ಮ ಆ ಅಂಗಳದ ಜಗಳಕ್ಕೆ ಕೆಲವೇ ತಿಂಗಳ ಮುಂಚೆ, 1997ರ ಆಗಸ್ಟ್ 13ರಂದು, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗಾಗುವ ಲೈಂಗಿಕ ಕಿರುಕುಳವನ್ನು ತಡೆಯಬೇಕೆಂದು ಸುಪ್ರೀಂ ಕೋರ್ಟು ವಿಶಾಖಾ ತೀರ್ಪು ಕೊಟ್ಟಿತ್ತು. ನಮ್ಮ ಮಿಲ್ಲಿನಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಈಗ ಅದಕ್ಕಾಗಿಯೇ 2013ರ ಕಾಯ್ದೆಯಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕೆ ಹಿರಿಯ ಮಹಿಳಾ ನೌಕರರೇ ಅಧ್ಯಕ್ಷರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ರಚಿಸದ ಮಾಲೀಕರಿಗೆ 50,000 ರೂಪಾಯಿಯವರೆಗೆ ದಂಡವಿದೆ. ಹತ್ತಕ್ಕಿಂತ ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರು ಘಟನೆಯಾದ ಮೂರು ತಿಂಗಳೊಳಗೆ ಬರಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ನಮ್ಮಲ್ಲಿರುವುದು ನಾಲ್ಕೇ ಜನ ಎನ್ನುವ ಮಿಲ್ಲುಗಳವರು ಅಂಗಳದಲ್ಲಿ ಕುಳಿತು ಕಾಳು ಹಸನು ಮಾಡುವವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿನಗೂಲಿಯವರೂ, ಗುತ್ತಿಗೆಯವರೂ ಆ ಕಾಯ್ದೆಯ ಪ್ರಕಾರ ನೌಕರರೇ.

ಈ ಕಾಯ್ದೆ ಪ್ರೀತಿಯನ್ನು ನಿಷೇಧಿಸಿಲ್ಲ, ಬೈಗುಳವನ್ನೆಲ್ಲ ಲೈಂಗಿಕ ಕಿರುಕುಳವೆಂದೂ ಕರೆದಿಲ್ಲ. ಹೆಣ್ಣಿಗೆ ಇಷ್ಟವಿಲ್ಲದ ನಡವಳಿಕೆಯನ್ನು ಅದು ತಡೆಯುತ್ತದೆ. ಅದರೊಂದಿಗೆ ನೌಕರಿಯಲ್ಲಿ ಒಳ್ಳೆಯದು ಮಾಡುತ್ತೇನೆಂಬ ಆಸೆ, ಕೆಟ್ಟದು ಮಾಡುತ್ತೇನೆಂಬ ಬೆದರಿಕೆ ಬಾಯಿಬಿಟ್ಟು ಹೇಳದೆ ಸೂಚಿಸಿದರೂ ಗಣನೆಗೆ ತೆಗೆದುಕೊಳ್ಳುತ್ತದೆ. ನಿಮ್ಮ ಧಾರಾವಾಹಿಯ ಹನ್ನೊಂದನೆಯ ಕಂತಿನಲ್ಲಿ, ಊಟಕ್ಕೆ ಬಾರದಿದ್ದರೆ ನಾಳೆ ಕೆಲಸಕ್ಕೂ ಬರಬೇಡ ಎಂದು ನಾಯಕ ನಗುತ್ತಾ ಹೇಳುತ್ತಾನೆ. ಲೇಖಕರು ಆ ನಗುವನ್ನು ವರ್ಣಿಸಲು ನಾಲ್ಕು ಸಾಲು ವ್ಯಯಿಸಿದ್ದಾರೆ.

ಕಥೆಯನ್ನು ಕಥೆಯಾಗಿ ಓದಬೇಕು, ಹುಲಿಯ ಮೇಲೆ ಸವಾರಿ ಮಾಡುವ ಕಥೆ ಓದಿ ಯಾರೂ ಹುಲಿ ಹುಡುಕಿಕೊಂಡು ಹೋಗುವುದಿಲ್ಲ ಎಂದು ಕೆಲವರು ಹೇಳಬಹುದು. ಹುಲಿ ನಮ್ಮ ಊರಿನಲ್ಲಿಲ್ಲ. ಬೈಯುವ ಮ್ಯಾನೇಜರರು ಪ್ರತಿ ರಸ್ತೆಯಲ್ಲಿಯೂ ಇದ್ದಾರೆ. ಜಗಳವಿಲ್ಲದೆ ಕಥೆ ಸಪ್ಪೆಯಾಗುತ್ತದೆಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಜಗಳವಿರಲಿ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಸುರಿದು ಬರಲು ಮರಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮ ಈ ಭಾಗದವಳೇ. ಲೆಕ್ಕ ತಪ್ಪಿದಲ್ಲಿ ಎದುರು ನಿಂತು ಹೇಳುವ ಹೆಣ್ಣನ್ನು ನಮ್ಮ ಲೇಖಕರು ಹೊರಗಿನಿಂದ ತರಬೇಕಾಗಿಲ್ಲ.

ಅಕ್ಕನ ಮಗಳಿಗೆ ನಾನು ಉಪದೇಶ ಮಾಡಲಿಲ್ಲ. ಆ ಮನುಷ್ಯ ನಿನಗಷ್ಟೇ ಬೈಯುತ್ತಾನೆಂದು ಹೇಗೆ ಗೊತ್ತು, ಒಂದು ವಾರ ಎಣಿಸಿ ನೋಡು ಎಂದೆ. ಎಣಿಸಿದಳು. ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಬೈಯುತ್ತಾನಂತೆ. ಇವಳ ಸರದಿ ವಾರಕ್ಕೆ ಎರಡು ಬಾರಿ. ಈಗ ಅವಳು ದಿನಾಂಕ ಹಾಕಿ ಬರೆದಿಟ್ಟುಕೊಳ್ಳುತ್ತಿದ್ದಾಳೆ, ಬೇರೆ ಕಡೆ ಅರ್ಜಿಯನ್ನೂ ಹಾಕಿದ್ದಾಳೆ.

ಕೊನೆಯದಾಗಿ ಧಾರಾವಾಹಿಯ ಲೇಖಕರಿಗೆ ತಮ್ಮ ಮೂಲಕ ಒಂದು ವಿನಂತಿ. ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ತಿಂಗಳ ಸಂಬಳವನ್ನು ಮರುತಿಂಗಳ 7ನೆಯ ತಾರೀಖಿನೊಳಗೆ ಕೊಡಬೇಕೆಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯಲ್ಲಿಯೇ ಇತ್ತು. ದಂಡ ಹಾಕುವುದಿದ್ದರೂ ಸಂಬಳದ ನೂರಕ್ಕೆ 3ರಷ್ಟನ್ನು ಮೀರುವಂತಿರಲಿಲ್ಲ. ಹತ್ತು ನಿಮಿಷ ತಡವಾದದ್ದಕ್ಕೆ ಇಡೀ ತಿಂಗಳ ಸಂಬಳ ಹಿಡಿಯಲು ಯಾವ ಒಡೆಯನಿಗೂ ಅಧಿಕಾರವಿಲ್ಲ. ಒಂಬತ್ತನೆಯ ಕಂತಿನ ನಂತರ ಕಥೆಯಲ್ಲಿ ಆ ಹಣದ ಪ್ರಸ್ತಾಪವೇ ಬಂದಿಲ್ಲ. ಮುಂದಿನ ಭಾನುವಾರ ಅವರಿಬ್ಬರ ನಿಶ್ಚಿತಾರ್ಥವೆಂದು ಸೂಚನೆ ಕೊಟ್ಟಿದ್ದೀರಿ. ಅದಕ್ಕೂ ಮೊದಲು ಆಕೆಯ ಮಾರ್ಚ್ ತಿಂಗಳ ಸಂಬಳ ಕೈಗೆ ಬಂತೇ ಇಲ್ಲವೇ ಎಂಬುದನ್ನು ಓದುಗರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದಾಲ್ ಮಿಲ್ಲಿನ ನಿವೃತ್ತ ಲೆಕ್ಕಿಗಳು, ಕಲಬುರಗಿ
(ಹೆಸರು ಪ್ರಕಟಿಸಬಾರದೆಂದು ಯಜಮಾನರ ಕೋರಿಕೆ; ಈ ಸಲ ಕೇಳಿದ್ದಾರೆ, ಆದ್ದರಿಂದ ಒಪ್ಪಿದ್ದೇನೆ.)